ಕಾರ್ಡ್ ಮುಗಿಯುವ ಹೊತ್ತಿಗೇ ಅಪ್ಪನ ಆಪರೇಷನ್, ತಮ್ಮನ ಮದುವೆ

ಪ್ರಶ್ನೆ: ನಾನು ಹಾಸನದ ಕಡೆಯವಳು. ಮದುವೆಯಾಗಿ ಎರಡು ವರ್ಷದ ಹಿಂದೆ ನ್ಯೂಜೆರ್ಸಿಗೆ ಬಂದೆ. ಯಜಮಾನರು ಅಮೆರಿಕದ ಪ್ರಜೆ. ನನಗೆ ಕೊಟ್ಟಿರುವುದು ಎರಡು ವರ್ಷದ ಗ್ರೀನ್ ಕಾರ್ಡ್. ಅದರ ಮೇಲೆ ಬರುವ ನವೆಂಬರ್ 14 ಎಂದು ಅಚ್ಚಾಗಿದೆ. ಅಪ್ಪನಿಗೆ ಅಕ್ಟೋಬರಿನಲ್ಲಿ ಬೆಂಗಳೂರಿನ ಜಯದೇವದಲ್ಲಿ ಬೈಪಾಸ್ ಮಾಡಬೇಕು ಎಂದಿದ್ದಾರೆ. ಡಿಸೆಂಬರ್ ಮೊದಲ ವಾರ ತಮ್ಮನ ಮದುವೆ. ಆಸ್ಪತ್ರೆ, ಮದುವೆ ಎರಡನ್ನೂ ಅಮ್ಮ ಒಬ್ಬಳೇ ತೂಗಿಸಲಾರಳು. ಸೆಪ್ಟೆಂಬರ್ ಕೊನೆಗೆ ಹೊರಟು ಸಂಕ್ರಾಂತಿ ಮುಗಿಸಿಕೊಂಡು ಬರೋಣ ಅಂತ ನನ್ನಾಸೆ. ಇವರಿಗೆ ರಜೆ ಇಲ್ಲ, ಹೋದರೆ ನಾನೊಬ್ಬಳೇ.

ಕಾರ್ಡ್ ರಿನ್ಯೂ ಆಗುವವರೆಗೆ ದೇಶ ಬಿಡಲೇಬಾರದು ಅನ್ನುತ್ತಾರೆ ಅತ್ತೆ. ಕನ್ನಡ ಕೂಟದ ವಾಟ್ಸ್ಆ್ಯಪ್ ಗುಂಪಿನಲ್ಲಿ ಕೇಳಿದರೆ, ಯಾರನ್ನೋ ಏರ್‌ಪೋರ್ಟಿನಲ್ಲೇ ಒಂದು ಕಾಗದಕ್ಕೆ ಸಹಿ ಹಾಕಿಸಿಕೊಂಡು ವಾಪಸ್ ಕಳಿಸಿದರಂತೆ ಎಂದು ಒಬ್ಬರು ಹೆದರಿಸಿದರು. ಇವರು ಮಾತ್ರ ‘ನೀನು ಹೋಗಿ ಬಾ, ಬಂದ ಮೇಲೆ ನಿನ್ನ ಕಾರ್ಡಿಗೆ ಹಾಕ್ತೀನಿ’ ಅಂತ ಆರಾಮಾಗಿದ್ದಾರೆ. ನನ್ನ ಪಾಸ್‌ಪೋರ್ಟು, ಕಾರ್ಡು ಎರಡೂ ಇವರ ಲಾಕರಿನಲ್ಲಿವೆ, ನಾನು ಕಳೆದುಬಿಡ್ತೀನಂತೆ. ಹೋದರೆ ನನ್ನನ್ನು ವಾಪಸ್ ಬಿಡುತ್ತಾರಾ? ಅಪ್ಪನನ್ನು ಈಗ ನೋಡದೆ ಮುಂದೆ ಏನಾದರೂ ಆದರೆ ನನಗೆ ನಾನೇ ಏನು ಹೇಳಿಕೊಳ್ಳಲಿ? ರಾತ್ರಿ ನಿದ್ದೆ ಬರುತ್ತಿಲ್ಲ.

— ಹೆಸರು ಬೇಡ, ನ್ಯೂಜೆರ್ಸಿ

ಉತ್ತರ: ಮೊದಲು ನಿದ್ದೆಯ ವಿಷಯ ಮುಗಿಸೋಣ. ಹೋಗಿ. ಅಪ್ಪನ ಪಕ್ಕದಲ್ಲಿರಿ, ತಮ್ಮನ ಮದುವೆಯಲ್ಲಿ ಓಡಾಡಿ, ಎಳ್ಳು ಬೀರಿ ಬನ್ನಿ. ನಿಮ್ಮ ಪರಿಸ್ಥಿತಿಯಲ್ಲಿ ಇದಕ್ಕೆ ಕಾನೂನಿನ ಅಡ್ಡಿ ಇಲ್ಲ. ಆದರೆ ಹೊರಡುವ ಮುಂಚೆ ಒಂದು ಕೆಲಸ ಆಗಲೇಬೇಕು, ಅದರಲ್ಲಿ ರಾಜಿ ಇಲ್ಲ.

ನಿಮ್ಮ ಪತ್ರದಲ್ಲಿ ಮೂರು ಜನ ಮಾತಾಡಿದ್ದಾರೆ. ಅತ್ತೆಯ ಮಾತು ಅತಿ ಎಚ್ಚರದ್ದು, ವಾಟ್ಸ್ಆ್ಯಪ್‌ನವರದು ಅರ್ಧ ಕೇಳಿದ ಕಥೆ. ನಿಜವಾಗಿ ಅಪಾಯವಿರುವುದು ನಿಮ್ಮ ಯಜಮಾನರ ಆ ಸಮಾಧಾನದ ಮಾತಿನಲ್ಲಿ. ‘ಬಂದ ಮೇಲೆ ಹಾಕ್ತೀನಿ’ ಅಂದರೆ ಜನವರಿಯಲ್ಲಿ. ಕಾರ್ಡ್ ಮುಗಿಯುವುದು ನವೆಂಬರ್ 14ಕ್ಕೆ. ಅಷ್ಟರೊಳಗೆ ಅರ್ಜಿ ಹೋಗದಿದ್ದರೆ ಅಮೆರಿಕದ ಕಾನೂನಿನ ಪ್ರಕಾರ ನಿಮ್ಮ ಷರತ್ತಿನ ಕಾಯಂವಾಸದ ಸ್ಥಾನ ತಾನಾಗಿಯೇ ಕೊನೆಗೊಳ್ಳುತ್ತದೆ. ಯಾರೂ ಬಾಗಿಲು ತಟ್ಟಿ ಹೇಳುವುದಿಲ್ಲ. ಆಮೇಲೆ ನೀವು ಬೆಂಗಳೂರಿನ ವಿಮಾನ ನಿಲ್ದಾಣದಲ್ಲಿ ಕೈಯಲ್ಲಿ ಹಿಡಿದು ನಿಲ್ಲುವುದು ಬರೀ ಪ್ಲಾಸ್ಟಿಕ್ ತುಂಡನ್ನು. ವಿಮಾನದವರು ಹತ್ತಿಸಿಕೊಳ್ಳುವುದೇ ಇಲ್ಲ. ತಡವಾದ ಅರ್ಜಿಯನ್ನು ತಕ್ಕ ಕಾರಣ ಬರೆದುಕೊಟ್ಟು ಸಲ್ಲಿಸಲು ಅವಕಾಶವಿದೆ, ನಿಜ. ಆದರೆ ಒಪ್ಪುವುದು ಬಿಡುವುದು ಅಧಿಕಾರಿಯ ಕೈಯಲ್ಲಿ. ‘ಯಜಮಾನರು ಆಮೇಲೆ ಹಾಕ್ತೀನಿ ಅಂದ್ರು’ ಎಂಬುದನ್ನು ತಕ್ಕ ಕಾರಣವೆಂದು ಯಾರೂ ಒಪ್ಪಲಾರರು.

ಅವರು ಕೆಟ್ಟ ಮನಸ್ಸಿನಿಂದ ಹಾಗೆ ಹೇಳಿದರು ಅನ್ನುತ್ತಿಲ್ಲ. ಅಮೆರಿಕದಲ್ಲೇ ಹುಟ್ಟಿದವರಿಗೂ, ಬಹಳ ಹಿಂದೆಯೇ ಪ್ರಜೆಗಳಾದವರಿಗೂ ಈ ಎರಡು ವರ್ಷದ ಕಾರ್ಡಿನ ಸಂಗತಿ ಗೊತ್ತಿರುವುದು ಕಡಿಮೆ. ಹತ್ತು ವರ್ಷದ ಕಾರ್ಡನ್ನು ಬದಲಿಸಿಕೊಳ್ಳುವುದು ನಿಜಕ್ಕೂ ಆರಾಮಿನ ಕೆಲಸ. ಐ-90 ಎಂಬ ನಮೂನೆ ತುಂಬಿದರೆ ಮುಗಿಯಿತು, ತಡವಾದರೂ ಸ್ಥಾನಕ್ಕೆ ಧಕ್ಕೆಯಿಲ್ಲ. ನಿಮ್ಮದು ಆ ಜಾತಿಯ ಕಾರ್ಡಲ್ಲ. ನಿಮಗೆ ಬೇಕಾದದ್ದು ಐ-751. ಮದುವೆಯಾಗಿ ಎರಡು ವರ್ಷ ತುಂಬುವ ಮುನ್ನವೇ ಕಾಯಂವಾಸ ಸಿಕ್ಕವರು ‘ನಮ್ಮದು ಕಾರ್ಡಿಗಾಗಿ ಮಾಡಿಕೊಂಡ ಮದುವೆಯಲ್ಲ’ ಎಂದು ಎರಡು ವರ್ಷದ ಬಾಳಿನ ಪುರಾವೆ ಇಟ್ಟು ತೋರಿಸಬೇಕು. ಸುಳ್ಳು ಮದುವೆಗಳನ್ನು ತಡೆಯುವ ಹೆಸರಿನಲ್ಲಿ 1986ರಲ್ಲಿ ತಂದ ಕಾಯಿದೆ ಇದು. ಕೆಲವರ ಮೋಸಕ್ಕೆ ಎಲ್ಲ ಹೊಸ ದಂಪತಿಗಳನ್ನೂ ಎರಡು ವರ್ಷ ಸಾಲಿನಲ್ಲಿ ನಿಲ್ಲಿಸಿದ ಕಾನೂನು ಎಂಬುದು ನನ್ನ ಅಭಿಪ್ರಾಯ. ಅಭಿಪ್ರಾಯ ಪಕ್ಕಕ್ಕಿರಲಿ, ಅರ್ಜಿ ಹಾಕಲೇಬೇಕು. ಗಡಿಬಿಡಿಯಲ್ಲಿ ಐ-90 ತುಂಬಿ ಕಳಿಸಿ, ನಿಜವಾದ ಗಡುವು ಕಳೆದುಕೊಂಡವರೂ ಇದ್ದಾರೆ. ಆದ್ದರಿಂದ ನಮೂನೆಯ ಸಂಖ್ಯೆಯನ್ನು ಎರಡು ಸಲ ನೋಡಿಕೊಳ್ಳಿ.

ಈಗ ಲೆಕ್ಕ. ಐ-751 ಹಾಕುವ ಕಿಟಕಿ ಕಾರ್ಡ್ ಮುಗಿಯುವ 90 ದಿನ ಮೊದಲು ತೆರೆಯುತ್ತದೆ. ನವೆಂಬರ್ 14ರಿಂದ ಹಿಂದಕ್ಕೆ ಎಣಿಸಿದರೆ ಆಗಸ್ಟ್ 16. ಅದಕ್ಕಿಂತ ಮುಂಚೆ ಹೋದ ಅರ್ಜಿ ವಾಪಸ್ ಬರುತ್ತದೆ, ಆ ಓಡಾಟದಲ್ಲಿ ವಾರಗಳು ಹಾಳು. ನಿಮ್ಮ ಪತ್ರ ನನ್ನ ಕೈ ಸೇರಿದ್ದು ಜುಲೈಯಲ್ಲಿ, ಅಂದರೆ ತಯಾರಿಗೆ ಬೇಕಾದಷ್ಟು ಸಮಯವಿದೆ. ಜುಲೈಯಲ್ಲೇ ಎಲ್ಲ ಜೋಡಿಸಿಟ್ಟುಕೊಂಡು, ಆಗಸ್ಟ್ 16 ದಾಟಿದ ಮೇಲೆ ತಲುಪುವಂತೆ ಅಂಚೆಗೆ ಹಾಕಿ. ಟ್ರ್ಯಾಕಿಂಗ್ ಇರುವ ಅಂಚೆಯೇ ಆಗಬೇಕು. 2024ರ ಏಪ್ರಿಲ್ 1ರಿಂದ ಶುಲ್ಕ 750 ಡಾಲರ್. ಕಳಿಸುವ ದಿನ ಅಮೆರಿಕದ ವಲಸೆ ಇಲಾಖೆಯಾದ ಯುಎಸ್‌ಸಿಐಎಸ್‌ನ ಜಾಲತಾಣದಲ್ಲಿ ನಮೂನೆಯ ಆವೃತ್ತಿ, ಶುಲ್ಕ, ವಿಳಾಸ, ಹಣ ಕಟ್ಟುವ ರೀತಿ ನಾಲ್ಕನ್ನೂ ಮತ್ತೊಮ್ಮೆ ನೋಡಿ. ಇವು ಆಗಾಗ ಬದಲಾಗುತ್ತವೆ, ಹಳೆಯ ಆವೃತ್ತಿಯ ನಮೂನೆಯನ್ನು ಅವರು ಹಾಗೇ ತಿರುಗಿಸಿ ಕಳಿಸುತ್ತಾರೆ.

ಅರ್ಜಿ ಸ್ವೀಕಾರವಾದ ಮೇಲೆ ನಿಮ್ಮ ವಿಳಾಸಕ್ಕೆ ಒಂದು ಕಾಗದ ಬರುತ್ತದೆ, ಐ-797 ಎಂಬ ರಸೀದಿ. ನೋಡಲು ಸಾಮಾನ್ಯ ಕಾಗದ, ನಿಮ್ಮ ಇಡೀ ಪ್ರಯಾಣ ನಿಂತಿರುವುದು ಅದರ ಮೇಲೆ. ಕಾರ್ಡಿನ ಮೇಲಿನ ತಾರೀಖಿನಿಂದ ಮುಂದಕ್ಕೆ 48 ತಿಂಗಳು ನಿಮ್ಮ ಸ್ಥಾನ ಮುಂದುವರಿಯುತ್ತದೆ ಎಂದು ಅದರಲ್ಲಿ ಬರೆದಿರುತ್ತದೆ. ಮೊದಲು ಈ ಅವಧಿ ಹದಿನೆಂಟು ತಿಂಗಳಿತ್ತು, ಆಮೇಲೆ 24 ಮಾಡಿದರು. ಅರ್ಜಿಗಳ ಗುಡ್ಡೆ ಕರಗದೆ 2023ರ ಜನವರಿಯಿಂದ 48ಕ್ಕೆ ಏರಿಸಿದರು. ಅವಧಿ ಮುಗಿದ ಕಾರ್ಡು, ಈ ರಸೀದಿಯ ಮೂಲಪ್ರತಿ, ಚಾಲ್ತಿಯಲ್ಲಿರುವ ಭಾರತದ ಪಾಸ್‌ಪೋರ್ಟ್, ಇವು ಮೂರೂ ಸೇರಿದರೆ ನೀವು ಊರಿಗೆ ಹೋಗಬಹುದು, ವಾಪಸ್ ಬರಬಹುದು. ಜೆರಾಕ್ಸ್ ನಡೆಯುತ್ತದೆ ಅಂದುಕೊಳ್ಳಬೇಡಿ, ಮೂಲಪ್ರತಿಯೇ ಜೊತೆಗಿರಲಿ. ಅತ್ತೆ ಹೇಳುವ ಹಾಗೆ ಹೊಸ ಕಾರ್ಡ್ ಬರುವ ತನಕ ಕಾಯುತ್ತೇನೆಂದರೆ ತಮ್ಮನ ಮಗುವಿನ ನಾಮಕರಣಕ್ಕೂ ಹೋಗಲಾಗುವುದಿಲ್ಲ. ಈ ಅರ್ಜಿಗಳು ಎರಡು ವರ್ಷ ದಾಟುವುದು ಅಪರೂಪವೇನಲ್ಲ.

ಇನ್ನು ನಿಮಗೆ ಬಹುಶಃ ಯಾರೂ ಹೇಳಿರದ ಒಂದು ವಿಷಯ. ‘ನಿನ್ನ ಕಾರ್ಡಿಗೆ ಹಾಕ್ತೀನಿ’ ಎಂದು ಯಜಮಾನರು ಹೇಳಿದ್ದನ್ನು ನೀವು ಹಾಗೇ ಬರೆದಿದ್ದೀರಿ. ಮೊದಲ ಸಲ, ನಿಮ್ಮನ್ನು ಕರೆಸಿಕೊಳ್ಳುವಾಗ, ಅರ್ಜಿದಾರರು ಅವರೇ ಆಗಿದ್ದರು. ಐ-751ರಲ್ಲಿ ಅರ್ಜಿದಾರರು ನೀವು. ಅವರು ಜೊತೆಯಲ್ಲಿ ಸಹಿ ಹಾಕುವವರು. ರಸೀದಿ ಬರುವುದು ನಿಮ್ಮ ಹೆಸರಿಗೆ, ಬೆರಳಚ್ಚಿನ ನೋಟೀಸು ಬರುವುದು ನಿಮ್ಮ ಹೆಸರಿಗೆ. ಆದ್ದರಿಂದ ಇದನ್ನು ಅವರು ನಿಮಗೆ ಮಾಡಿಕೊಡಬೇಕಾದ ಉಪಕಾರ ಎಂದುಕೊಂಡು ಕೂರಬೇಡಿ. ನಮೂನೆಯನ್ನು ನೀವೇ ಇಳಿಸಿಕೊಳ್ಳಿ, ನೀವೇ ತುಂಬಿ. ಇಂಗ್ಲಿಷ್ ಕಷ್ಟವಾದರೆ ಗೊತ್ತಿರುವವರನ್ನು ಪಕ್ಕದಲ್ಲಿ ಕೂರಿಸಿಕೊಳ್ಳಿ, ಆದರೆ ಪೆನ್ನು ನಿಮ್ಮ ಕೈಯಲ್ಲಿರಲಿ. ಯುಎಸ್‌ಸಿಐಎಸ್ ಜಾಲತಾಣದಲ್ಲಿ ನಿಮ್ಮದೇ ಇಮೇಲ್‌ನಿಂದ ಖಾತೆ ತೆರೆದು, ರಸೀದಿ ಸಂಖ್ಯೆ ಬಂದ ಕೂಡಲೇ ಅದಕ್ಕೆ ಸೇರಿಸಿ. ಹಾಸನದಲ್ಲಿ ಕೂತೇ ಅರ್ಜಿಯ ಸ್ಥಿತಿ ನೋಡಬಹುದು.

ಪುರಾವೆಗಳ ವಿಷಯದಲ್ಲಿ ನಮ್ಮವರು ಒಂದು ಕಡೆ ಎಡವುತ್ತಾರೆ. ಮದುವೆಯ ಆಲ್ಬಮ್ಮಿನಿಂದ ಐವತ್ತು ಫೋಟೋ ತೆಗೆದು ಕಳಿಸುತ್ತಾರೆ, ಧಾರೆ, ಆರತಕ್ಷತೆ, ಬೀಗರ ಔತಣ ಎಲ್ಲವನ್ನೂ. ಅಧಿಕಾರಿ ಕೇಳುವುದು ಮದುವೆಯ ದಿನದ ನಂತರದ ಕಥೆಯನ್ನು. ಇಬ್ಬರ ಹೆಸರಿರುವ ಮನೆ ಬಾಡಿಗೆ ಕರಾರು ಅಥವಾ ಸಾಲಪತ್ರ, ಜಂಟಿ ಬ್ಯಾಂಕ್ ಖಾತೆಯ ತಿಂಗಳುಗಳ ವಿವರ, ಒಟ್ಟಿಗೆ ಸಲ್ಲಿಸಿದ ತೆರಿಗೆ ವಿವರ, ಒಬ್ಬರ ಆರೋಗ್ಯ ವಿಮೆಯಲ್ಲಿ ಇನ್ನೊಬ್ಬರ ಹೆಸರು, ಕರೆಂಟು, ಫೋನು ಬಿಲ್ಲು, ಒಟ್ಟಿಗೆ ಮಾಡಿದ ಪ್ರವಾಸದ ಟಿಕೆಟ್ಟು, ಇವು ಭಾರವಾದ ಸಾಕ್ಷಿಗಳು. ನಿಮ್ಮಿಬ್ಬರನ್ನೂ ಚೆನ್ನಾಗಿ ಬಲ್ಲವರ ಪ್ರಮಾಣಪತ್ರಗಳು ಇದ್ದರೆ ಒಳ್ಳೆಯದು. ಫೋಟೋ ಎಂಟು ಹತ್ತು ಸಾಕು. ಪತ್ರ ಓದಿದಾಗ ನನಗೆ ಅನುಮಾನ ಬಂದದ್ದು ಇಲ್ಲೇ. ಜಂಟಿ ಖಾತೆ ಇದೆಯೇ? ಬಾಡಿಗೆ ಕರಾರಿನಲ್ಲಿ ನಿಮ್ಮ ಹೆಸರಿದೆಯೇ? ನೀವು ಹೇಳಿಲ್ಲ. ಇಲ್ಲದಿದ್ದರೆ ಈ ತಿಂಗಳೇ ಸೇರಿಸಿಕೊಳ್ಳುವ ಕೆಲಸ ಶುರುಮಾಡಿ.

ಲಾಕರಿಗೆ ಬರೋಣ. ಎಷ್ಟೋ ಮನೆಗಳಲ್ಲಿ ಪಾಸ್‌ಪೋರ್ಟುಗಳೆಲ್ಲ ಒಂದೇ ಕಡೆ ಇರುತ್ತವೆ, ಬೀಗದ ಕೈ ಯಾರ ಹತ್ತಿರವಿದೆ ಎಂದು ಯಾರೂ ತಲೆ ಕೆಡಿಸಿಕೊಳ್ಳುವುದಿಲ್ಲ. ನಿಮ್ಮ ಮನೆಯೂ ಹಾಗೇ ಇರಬಹುದು. ಅದನ್ನು ತಿಳಿಯಲು ಸುಲಭದ ದಾರಿಯಿದೆ. ಇವತ್ತು ರಾತ್ರಿ ಊಟವಾದ ಮೇಲೆ ಕೇಳಿ: ‘ರೀ, ನನ್ನ ಪಾಸ್‌ಪೋರ್ಟು, ಕಾರ್ಡು ಕೊಡಿ. ಫಾರಂ ತುಂಬಬೇಕು, ನಂಬರ್ ಬೇಕು. ಇನ್ನು ಮೇಲೆ ನನ್ನ ಹತ್ತಿರವೇ ಇಟ್ಕೊತೀನಿ.’ ಕೊಟ್ಟರೆ ಮುಗಿಯಿತು, ಮುಂದಿನ ಎರಡು ಪ್ಯಾರಾ ನಿಮಗಲ್ಲ. ಇನ್ನಾರಿಗೋ ಉಪಯೋಗವಾಗಲಿ ಎಂದು ಬರೆಯುತ್ತಿದ್ದೇನೆ. ಕೊಡದೆ ಸಿಡುಕಿದರೆ, ನಾಳೆ ನಾಡಿದ್ದು ಎಂದು ಮುಂದೂಡಿದರೆ, ಅಥವಾ ‘ನಿನಗ್ಯಾಕೆ ಅದೆಲ್ಲ’ ಎಂದರೆ, ಆಗ ಓದಿ.

ಹೆಂಡತಿಯನ್ನು ಊರಿಗೆ ಕಳಿಸಿ, ಅಥವಾ ತಾವೇ ಕರೆದುಕೊಂಡು ಹೋಗಿ, ಪಾಸ್‌ಪೋರ್ಟನ್ನೋ ಕಾರ್ಡನ್ನೋ ಎತ್ತಿಕೊಂಡು ಒಬ್ಬರೇ ವಾಪಸ್ ಬರುವ ಗಂಡಂದಿರ ಕಥೆಗಳು ನಮ್ಮ ಸಮುದಾಯಕ್ಕೆ ಹೊಸವಲ್ಲ. ಆರು ತಿಂಗಳು, ವರ್ಷ ಕಳೆಯುವಷ್ಟರಲ್ಲಿ ಅವಳ ಕಾರ್ಡು ಸತ್ತಿರುತ್ತದೆ, ಇಲ್ಲಿ ವಿಚ್ಛೇದನದ ಕಾಗದ ಓಡಾಡುತ್ತಿರುತ್ತದೆ. ನಿಮಗೆ ಹಾಗಾಗುತ್ತದೆ ಎನ್ನುವಷ್ಟು ಆಧಾರ ನಿಮ್ಮ ಪತ್ರದಲ್ಲಿಲ್ಲ. ಆದರೆ ಕಾರ್ಡ್ ಮುಗಿಯುವ ತಿಂಗಳು, ಗಂಡ ಜೊತೆಗಿಲ್ಲದ ಪ್ರಯಾಣ, ಮುಂದೂಡಿದ ಅರ್ಜಿ, ಅವರ ಲಾಕರಿನಲ್ಲಿ ಕಾಗದಗಳು, ಇಷ್ಟೂ ಒಂದೇ ಪತ್ರದಲ್ಲಿ ಬಂದಾಗ ಹೇಳದೆ ಇರಲು ನನಗೆ ಮನಸ್ಸು ಒಪ್ಪಲಿಲ್ಲ.

ಗಂಡ ಸಹಿ ಹಾಕಲೊಲ್ಲೆ ಎಂದರೂ ದಾರಿ ಮುಚ್ಚುವುದಿಲ್ಲ. ನಿಜವಾದ ಮನಸ್ಸಿನಿಂದ ಮದುವೆಯಾಗಿ ಅದು ವಿಚ್ಛೇದನದಲ್ಲಿ ಕೊನೆಗೊಂಡಿದ್ದರೆ, ಸಂಸಾರದಲ್ಲಿ ಹೊಡೆತ ಅಥವಾ ತೀವ್ರ ಕ್ರೌರ್ಯ ಇದ್ದರೆ, ದೇಶ ಬಿಟ್ಟು ಕಳಿಸುವುದರಿಂದ ಅತೀವ ಸಂಕಷ್ಟವಾಗುವುದಾದರೆ, ಅದೇ ಐ-751ನ್ನು ಒಬ್ಬರೇ ಸಲ್ಲಿಸಲು ವಿನಾಯಿತಿ ಕೇಳಬಹುದು. ದೌರ್ಜನ್ಯಕ್ಕೆ ಒಳಗಾದವರ ವಿನಾಯಿತಿಯನ್ನು 1990ರಲ್ಲಿ ಸೇರಿಸಿದರು. 1986ರ ಕಾಯಿದೆ ಗಂಡನ ಸಹಿಯನ್ನು ಹೆಂಡತಿಯ ಕೊರಳಿಗೆ ಕಟ್ಟಿದ ಹಗ್ಗವಾಗಿಸಿದೆ ಎಂಬುದು ಆ ಹೊತ್ತಿಗೆ ಕಾನೂನು ಮಾಡುವವರಿಗೂ ಅರ್ಥವಾಗಿತ್ತು. ಈ ವಿನಾಯಿತಿ ಅರ್ಜಿಗಳಿಗೆ 90 ದಿನದ ಕಿಟಕಿಯ ಕಟ್ಟುಪಾಡಿಲ್ಲ. ನಿಮ್ಮ ರಾಜ್ಯದಲ್ಲೇ 1985ರಿಂದ ಮಾನವಿ ಎಂಬ ಸಂಸ್ಥೆ ದಕ್ಷಿಣ ಏಷ್ಯಾದ ಹೆಣ್ಣುಮಕ್ಕಳ ಪರವಾಗಿ ಕೆಲಸ ಮಾಡುತ್ತಿದೆ. ಕೌಟುಂಬಿಕ ಹಿಂಸೆಯ ರಾಷ್ಟ್ರೀಯ ಸಹಾಯವಾಣಿ 1-800-799-7233. ‘ಹೊಡೆದಿಲ್ಲವಲ್ಲ, ಬರೀ ಕಾಗದ ಇಟ್ಕೊಂಡಿದ್ದಾರೆ’ ಎಂದು ಸಂಕೋಚ ಬೇಡ. ಕಾಗದ ಹಿಡಿದಿಟ್ಟುಕೊಳ್ಳುವುದೂ ಅವರು ದಿನವೂ ಕೇಳುವ ವಿಷಯವೇ.

ಮತ್ತೆ ಪ್ರಯಾಣಕ್ಕೆ. ಅರ್ಜಿ ಹೋದ ಮೇಲೆ ಬೆರಳಚ್ಚಿಗೆ ಕರೆ ಬರಬಹುದು. ಹಿಂದೆ ಕೊಟ್ಟ ಬೆರಳಚ್ಚನ್ನೇ ಮರುಬಳಸಿ, ಬರುವುದು ಬೇಡ ಎಂದು ತಿಳಿಸುವುದೂ ಉಂಟು. ಕರೆ ಬಂದ ದಿನ ನೀವು ಜಯದೇವದ ವಾರ್ಡಿನ ಹೊರಗೆ ಕೂತಿದ್ದರೆ ಗಾಬರಿಯಾಗಬೇಡಿ. ಆ ತಾರೀಖು ಬರುವ ಮುಂಚೆ, ಸರಿಯಾದ ಕಾರಣ ಕೊಟ್ಟು, ಖಾತೆಯ ಮೂಲಕ ಬೇರೆ ದಿನ ಕೇಳಿಕೊಳ್ಳಬಹುದು. ಆಸ್ಪತ್ರೆಯ ಕಾಗದ ಇಟ್ಟುಕೊಂಡಿರಿ. ಹೇಳದೆ ಕೇಳದೆ ತಪ್ಪಿಸಿಕೊಂಡರೆ ಅರ್ಜಿಯನ್ನೇ ಕೈಬಿಟ್ಟಿದ್ದೀರಿ ಎಂದು ತಿರಸ್ಕರಿಸಬಹುದು. ಹೆಚ್ಚಿನ ದಾಖಲೆ ಕೇಳಿ ಪತ್ರ ಬಂದರೆ ಉತ್ತರಕ್ಕೆ ಸಾಮಾನ್ಯವಾಗಿ 84 ದಿನ ಇರುತ್ತದೆ. ಊರಿನಿಂದಲೇ ನಿಭಾಯಿಸಬಹುದು, ಪತ್ರ ಬಂದದ್ದು ನಿಮಗೆ ಗೊತ್ತಾಗಬೇಕು ಅಷ್ಟೆ. ಆದ್ದರಿಂದ ಅಂಚೆಪೆಟ್ಟಿಗೆ ನೋಡಲು ಯಜಮಾನರಲ್ಲದೆ ಇನ್ನೊಬ್ಬ ನಂಬಿಕಸ್ಥ ಗೆಳತಿಗೂ ಹೇಳಿಡಿ. ಮನೆ ಬದಲಾಯಿಸಿದರೆ ಹತ್ತು ದಿನದೊಳಗೆ ಯುಎಸ್‌ಸಿಐಎಸ್‌ಗೆ ತಿಳಿಸಬೇಕು. ಅಂಚೆ ಇಲಾಖೆಗೆ ಹೇಳಿದರೆ ಸಾಲದು.

ಅಪ್ಪನ ಆಪರೇಷನ್ ಇದ್ದಕ್ಕಿದ್ದಂತೆ ಆಗಸ್ಟಿಗೇ ಬಂದುಬಿಟ್ಟರೆ? ಕಾರ್ಡ್ ಚಾಲ್ತಿಯಲ್ಲೇ ಇರುತ್ತದೆ, ಹೊರಟುಬಿಡಿ. ಅರ್ಜಿದಾರರು ಹೊರದೇಶದಲ್ಲಿದ್ದರೂ ಐ-751 ಸಲ್ಲಿಸಬಹುದು ಎಂದು ನಿಯಮವೇ ಇದೆ. ಸಂದರ್ಶನಕ್ಕೆ ಕರೆದರೆ ಮಾತ್ರ ಬಂದು ಹಾಜರಾಗಬೇಕು. ಆದರೆ ರಸೀದಿ ಬರುವುದು ನ್ಯೂಜೆರ್ಸಿಯ ಮನೆಗೆ, ನೀವು ನವೆಂಬರ್ 14ರ ನಂತರ ಮರಳುವುದಾದರೆ ಅದರ ಮೂಲಪ್ರತಿ ಕೊರಿಯರಿನಲ್ಲಿ ನಿಮ್ಮ ಕೈ ಸೇರಬೇಕು. ಇದು ಇನ್ನೊಬ್ಬರ ಚುರುಕುತನವನ್ನು ನಂಬಿಕೊಂಡ ದಾರಿ. ನಿಮ್ಮ ಮನೆಯ ಪರಿಸ್ಥಿತಿಯಲ್ಲಿ ನಾನು ಇದನ್ನು ತುರ್ತಿಗೆ ಮಾತ್ರ ಇಟ್ಟುಕೊಳ್ಳಿ ಅನ್ನುತ್ತೇನೆ. ಹಾಗೆ ಹೋಗಲೇಬೇಕಾದರೆ, ನೀವು ಸಹಿ ಹಾಕಿದ, ಅವರು ಸಹಿ ಹಾಕಿದ ಪೂರ್ತಿ ಅರ್ಜಿಯನ್ನು ಲಕೋಟೆಗೆ ಹಾಕಿ, ಆಗಸ್ಟ್ 16ರ ನಂತರ ಅಂಚೆಗೆ ಹಾಕುವ ಹೊಣೆಯನ್ನು ಯಾರಿಗಾದರೂ ಒಪ್ಪಿಸಿಯೇ ಹೊರಡಿ.

ಊರಿನಲ್ಲಿದ್ದಾಗ ಕಾರ್ಡೋ ರಸೀದಿಯೋ ಕಳೆದುಹೋದರೆ, ಅಥವಾ ಯಾರಾದರೂ ಕಸಿದುಕೊಂಡರೆ, ಆ ದಾಖಲೆಗಳಿಲ್ಲದೆಯೂ ವಿಮಾನ ಹತ್ತಲು ಅನುಮತಿ ಚೀಟಿ ಪಡೆಯುವ ವ್ಯವಸ್ಥೆ ಅಮೆರಿಕದ ದೂತಾವಾಸದಲ್ಲಿದೆ. ಅದಕ್ಕೆ ಐ-131ಎ ಎಂಬ ನಮೂನೆ. ಶುಲ್ಕ ಐನೂರು ಡಾಲರಿಗೂ ಮೇಲೆ. ದೇಶ ಬಿಟ್ಟು ಒಂದು ವರ್ಷ ದಾಟಿರಬಾರದು. ಬೆಂಗಳೂರಿನಲ್ಲಿ 2025ರ ಜನವರಿಯಲ್ಲಿ ಅಮೆರಿಕದ ದೂತಾವಾಸ ಉದ್ಘಾಟನೆಯಾಯಿತು ಎಂದು ಪತ್ರಿಕೆಯಲ್ಲಿ ಓದಿರುತ್ತೀರಿ. ವೀಸಾ ಕೆಲಸ ಅದರ ಜೊತೆಗೇ ಶುರುವಾಗಲಿಲ್ಲ. ನಮ್ಮ ಕಡೆಯವರು ಈ ಕೆಲಸಕ್ಕೆ ನೋಡಬೇಕಾದದ್ದು ಚೆನ್ನೈಯತ್ತ. ಎಲ್ಲ ಕಾಗದಗಳ ಎರಡೂ ಬದಿಯ ಫೋಟೋ ತೆಗೆದು ನಿಮ್ಮದೇ ಇಮೇಲ್‌ಗೆ ಈಗಲೇ ಕಳಿಸಿಕೊಳ್ಳಿ. ಮದುವೆ ಪ್ರಮಾಣಪತ್ರದ ಪ್ರತಿಯೂ ಜೊತೆಗಿರಲಿ. ಪಾಸ್‌ಪೋರ್ಟಿನಲ್ಲಿ ಅಪ್ಪನ ಹೆಸರು, ಕಾರ್ಡಿನಲ್ಲಿ ಗಂಡನ ಮನೆ ಹೆಸರು ಇರುವ ಗೊಂದಲ ನಮ್ಮವರಲ್ಲಿ ಬಹಳ.

ಟಿಕೆಟ್ ಕೊಳ್ಳುವಾಗ ಅಗ್ಗದ್ದು ನೋಡಿ ಹಾರಬೇಡಿ. ನಡುವೆ ಇಳಿಯುವ ದೇಶಕ್ಕೆ ಅದರದೇ ಟ್ರಾನ್ಸಿಟ್ ನಿಯಮವಿರುತ್ತದೆ. ಭಾರತದ ಪಾಸ್‌ಪೋರ್ಟಿನವರಿಗೆ ಯುರೋಪಿನ ಕೆಲವು ಕಡೆ ‘ಚಾಲ್ತಿಯಲ್ಲಿರುವ ಅಮೆರಿಕದ ಕಾರ್ಡ್ ಇದ್ದರೆ ಟ್ರಾನ್ಸಿಟ್ ವೀಸಾ ಬೇಡ’ ಎಂಬ ವಿನಾಯಿತಿ ಇದೆ. ಹೋಗುವಾಗ ನಿಮ್ಮ ಕಾರ್ಡ್ ಚಾಲ್ತಿಯಲ್ಲಿರುತ್ತದೆ, ಬರುವಾಗ ಅದರ ಮೇಲಿನ ತಾರೀಖು ಮುಗಿದಿರುತ್ತದೆ. ನಿಮ್ಮ ರಸೀದಿಗೆ ಆ ದೇಶ ಬೆಲೆ ಕೊಡುತ್ತದೆಯೇ ಎಂಬುದನ್ನು ಟಿಕೆಟ್ಟಿಗೆ ಮುಂಚೆ ಆ ದೇಶದ ಅಧಿಕೃತ ಜಾಲತಾಣದಲ್ಲಿ ನೋಡಬೇಕು. ಅಬುಧಾಬಿ ಮೂಲಕ ಬಂದರೆ ಅಮೆರಿಕದ ವಲಸೆ ತಪಾಸಣೆ ಅಲ್ಲೇ ನಡೆದುಹೋಗುತ್ತದೆ. ಬಹಳ ಜನಕ್ಕೆ ಅದು ಅನುಕೂಲ. ನಿಮ್ಮಂಥ ಕಾಗದ ಹಿಡಿದವರು ಅಮೆರಿಕದ ನೆಲದಲ್ಲೇ ತಪಾಸಣೆ ಆಗುವ ಮಾರ್ಗ ಹಿಡಿಯುವುದು ಮೇಲು ಎಂದು ನನಗನ್ನಿಸುತ್ತದೆ. ಏನಾದರೂ ಪ್ರಶ್ನೆ ಎದ್ದರೆ ಪರದೇಶದಲ್ಲಿ ಸಿಕ್ಕಿಕೊಳ್ಳುವುದಿಲ್ಲ. ದೆಹಲಿ, ಮುಂಬೈಗಳಿಂದ ನೇರ ವಿಮಾನ ಸಿಕ್ಕರೆ ಎರಡು ಚಿಂತೆಯೂ ತಪ್ಪುತ್ತದೆ. ಬೆಂಗಳೂರಿನ ಕೌಂಟರಿನಲ್ಲಿ ಹುಡುಗನೋ ಹುಡುಗಿಯೋ ಕಾರ್ಡ್ ನೋಡಿ ‘ಎಕ್ಸ್‌ಪೈರ್ ಆಗಿದೆ ಮೇಡಂ’ ಎಂದರೆ ಜಗಳಕ್ಕಿಳಿಯಬೇಡಿ. ರಸೀದಿ ತೋರಿಸಿ, ಮೇಲ್ವಿಚಾರಕರನ್ನು ಕರೆಸಿ ಎನ್ನಿ. ಈ ಜೋಡಿ ದಾಖಲೆ ಒಪ್ಪಬೇಕೆಂದು ಅಮೆರಿಕವೇ ವಿಮಾನ ಕಂಪನಿಗಳಿಗೆ ಕೊಟ್ಟ ಮಾರ್ಗದರ್ಶಿಯಲ್ಲಿದೆ. ಅದಕ್ಕಾಗಿ ಒಂದು ಗಂಟೆ ಮುಂಚೆ ಹೋಗಿ.

ಏರ್‌ಪೋರ್ಟಿನಲ್ಲಿ ಸಹಿ ಹಾಕಿಸಿಕೊಂಡರು ಎಂಬ ಕಥೆಯಲ್ಲಿ ಒಂದು ನಿಜ ಅಡಗಿದೆ. ಆ ಕಾಗದ ಐ-407. ‘ನನ್ನ ಕಾಯಂವಾಸವನ್ನು ನಾನೇ ಸ್ವಇಚ್ಛೆಯಿಂದ ಬಿಟ್ಟುಕೊಡುತ್ತೇನೆ’ ಎಂಬ ಬರಹ. ಸಾಮಾನ್ಯವಾಗಿ ವರ್ಷಾನುಗಟ್ಟಲೆ ಹೊರಗಿದ್ದು, ಆಗೊಮ್ಮೆ ಈಗೊಮ್ಮೆ ಬಂದುಹೋಗುವವರ ಮುಂದೆ ಅದು ಬರುತ್ತದೆ. ನಾಲ್ಕು ತಿಂಗಳೊಳಗೆ, ಗಂಡ ಇಲ್ಲೇ ಇದ್ದು, ಮನೆ ಇಲ್ಲೇ ಇದ್ದು ಮರಳುವ ನಿಮ್ಮ ಮುಂದೆ ಬರುವ ಸಂಭವ ತೀರಾ ಕಡಿಮೆ. ಒಂದು ವೇಳೆ ಬಂದರೆ ಸಹಿ ಹಾಕಬೇಡಿ. ಹಾಕಲೇಬೇಕು ಎಂದು ಯಾರೂ ಒತ್ತಾಯಿಸುವಂತಿಲ್ಲ. ‘ವಲಸೆ ನ್ಯಾಯಾಧೀಶರ ಮುಂದೆ ನನ್ನ ಮಾತು ಹೇಳುತ್ತೇನೆ’ ಎನ್ನಿ. ಆಗ ನೀವು ಸ್ಥಾನ ಬಿಟ್ಟುಕೊಟ್ಟಿದ್ದೀರಿ ಎಂದು ಸಾಬೀತು ಮಾಡುವ ಭಾರ ಸರ್ಕಾರದ್ದು. 2025ರಿಂದ ತಪಾಸಣೆ ಬಿಗಿಯಾಗಿದೆ, ಪ್ರಶ್ನೆಗಳು ಹೆಚ್ಚು. ಎಲ್ಲಿಗೆ ಹೋಗಿದ್ದಿರಿ, ಯಾಕೆ, ಎಷ್ಟು ದಿನ, ಗಂಡ ಏನು ಕೆಲಸ ಎಂದು ಕೇಳಿದರೆ ಇದ್ದದ್ದನ್ನು ಚಿಕ್ಕದಾಗಿ ಹೇಳಿ. ಅಪ್ಪನ ಡಿಸ್ಚಾರ್ಜ್ ಕಾಗದ, ತಮ್ಮನ ಲಗ್ನಪತ್ರಿಕೆ ಕೈಚೀಲದಲ್ಲಿದ್ದರೆ ಚೆನ್ನು. ಆದರೆ ಒಂದು ಮಾತು: ಇಲ್ಲಾಗಲಿ ಊರಲ್ಲಾಗಲಿ ನಿಮ್ಮ ಮೇಲೆ ಯಾವುದಾದರೂ ಪೊಲೀಸ್ ಕೇಸು, ಬಂಧನ, ಎಷ್ಟು ಹಳೆಯದಾದರೂ, ಎಷ್ಟು ಸಣ್ಣದಾದರೂ ಇದ್ದರೆ, ನಾನು ಮೇಲೆ ಬರೆದ ‘ಹೋಗಿ’ ನಿಮಗೆ ಅನ್ವಯಿಸುವುದಿಲ್ಲ. ಟಿಕೆಟ್ಟಿಗೆ ಮುಂಚೆ ವಲಸೆ ವಕೀಲರನ್ನು ನೋಡಿ. ಈ ಅಂಕಣ ವಕೀಲರ ಬದಲಿಯಲ್ಲ.

ಎಷ್ಟು ದಿನ ಇರಬಹುದು? ಸೆಪ್ಟೆಂಬರ್ 25ಕ್ಕೆ ಹೊರಟರೆ ಸಂಕ್ರಾಂತಿ ಕಳೆದು ಜನವರಿ ಮೂರನೇ ವಾರಕ್ಕೆ ನಾಲ್ಕು ತಿಂಗಳೊಳಗೇ ಆಗುತ್ತದೆ. ಅಪ್ಪ ಚೇತರಿಸಿಕೊಳ್ಳುವುದು ತಡವಾದರೆ ಇನ್ನೂ ಸ್ವಲ್ಪ ಇರಬಹುದು, ಆದರೆ ಮಾರ್ಚ್ 20ರೊಳಗೆ ಇಲ್ಲಿರಿ. 180 ದಿನ ದಾಟಿದರೆ ಹೊಸದಾಗಿ ಪ್ರವೇಶ ಕೇಳುವವರಂತೆ ನಿಮ್ಮನ್ನು ನೋಡುವ ಅಧಿಕಾರ ಅವರಿಗೆ ಬರುತ್ತದೆ. ಮುಂದೆ ಪೌರತ್ವ ಕೇಳುವಾಗಲೂ ಆರು ತಿಂಗಳು ಮೀರಿದ ಗೈರುಹಾಜರಿ ತೊಡಕು. ಪ್ರಜೆಯ ಪತ್ನಿಯಾಗಿ ಜೊತೆಯಲ್ಲಿ ಬಾಳುತ್ತಿದ್ದರೆ ನಿಮಗೆ ಮೂರು ವರ್ಷಕ್ಕೇ ಪೌರತ್ವದ ಅರ್ಜಿ ಹಾಕುವ ಹಕ್ಕಿದೆ, ಐ-751 ಇತ್ಯರ್ಥವಾಗದೆ ಬಾಕಿ ಇದ್ದರೂ. ಅದು ಮುಂದಿನ ವರ್ಷದ ಮಾತು.

ಅಪ್ಪನ ಬಗ್ಗೆ ಕೇಳಿದ ಪ್ರಶ್ನೆಗೆ ನನ್ನಲ್ಲಿ ನಮೂನೆಯ ಸಂಖ್ಯೆ ಇಲ್ಲ. ಕಾಗದದ ಹೆದರಿಕೆಯಿಂದ ತಂದೆಯ ಹಾಸಿಗೆಯ ಪಕ್ಕ ಇರಲಾಗದೆ ಹೋದವರು ನನಗೆ ಬರೆದದ್ದುಂಟು. ಅವರಲ್ಲಿ ಬಹಳ ಮಂದಿಗೆ ಹೋಗಲು ಅಡ್ಡಿಯೇ ಇರಲಿಲ್ಲ, ಗೊತ್ತಿರಲಿಲ್ಲ ಅಷ್ಟೆ. ನಿಮಗೆ ಈಗ ಗೊತ್ತಾಗಿದೆ. ಅಮ್ಮನಿಗೆ ಇವತ್ತೇ ಫೋನ್ ಮಾಡಿ, ಬರುತ್ತೇನೆ ಎಂದು ಹೇಳಿ. ಟಿಕೆಟ್ ಮಾತ್ರ ರಸೀದಿ ಕೈಗೆ ಬರುವವರೆಗೆ ಕೊಳ್ಳಬೇಡಿ. ಮುಂಚೆಯೇ ಕೊಳ್ಳಬೇಕಾದರೆ ತಾರೀಖು ಬದಲಿಸಲು ಬರುವಂಥದ್ದು ಕೊಳ್ಳಿ.

ಯಜಮಾನರು ನಮೂನೆಗೆ ಸಹಿ ಹಾಕಿ, ಪಾಸ್‌ಪೋರ್ಟು ಕೈಗಿತ್ತರೆ ನನಗೆ ಬರೆಯುವ ಅಗತ್ಯವಿಲ್ಲ. ಆಗಸ್ಟ್ ಕೊನೆಯವರೆಗೂ ಏನಾದರೊಂದು ಸಬೂಬು ಹೇಳುತ್ತಲೇ ಇದ್ದರೆ, ಊರಿಗೆ ಹೊರಡುವ ಮುಂಚೆ ವಕೀಲರನ್ನು ಕಂಡು, ನನಗೂ ಒಂದು ಸಾಲು ಬರೆಯಿರಿ. ಆಗ ನನ್ನ ಉತ್ತರ ಬೇರೆಯೇ ಇರುತ್ತದೆ.